ಹಿಟ್ಟು ಉಂಡ ಎರಡು ತಿಂಗಳು

ಶ್ರಾವಣ ಶನಿವಾರದ ನೂಕುನುಗ್ಗಲು ಬೇಡವೆಂದು ನಾವು ಶುಕ್ರವಾರವೇ ಮಾಲೇಕಲ್ಲು ಹತ್ತಿದೆವು. ಅರಸೀಕೆರೆಗೆ ಮಗ್ಗುಲಲ್ಲೇ ಇರುವ ಬೆಟ್ಟ, ಆದರೆ ಮೆಟ್ಟಿಲು ಸಾವಿರಕ್ಕೂ ಮೇಲೆ. ಮಾವನಿಗೆ ಅರವತ್ತೆಂಟು. ತೆಂಗಿನ ತೋಟ, ಕೊಬ್ಬರಿ ಅಟ್ಟ, ಮಂಡಿಯ ಲೆಕ್ಕ ಇಷ್ಟೇ ಲೋಕ ಅಂದುಕೊಂಡಿದ್ದವರು ಈಚೆಗೆ ಫೋನಿನಲ್ಲಿ ವಿಡಿಯೊ ನೋಡುವುದನ್ನು ಕಲಿತಿದ್ದಾರೆ. ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ರೋಗಿಗಳಿಗೆ ಪಥ್ಯ ಹೇಳುವವಳು. ನೂರು ಮೆಟ್ಟಿಲು ದಾಟುವ ಮೊದಲೇ ಮಾತು ಶುರುವಾಯಿತು.

— ನಾನು ಗೋಧಿ ಬಿಟ್ಟೆ ಕಣವ್ವಾ. ಇವತ್ತಿಗೆ ಇಪ್ಪತ್ತು ದಿನ.

— ಯಾಕೆ ಮಾವ, ಏನಾಯ್ತು?

— ಗ್ಲುಟೆನ್ ಅಂತೆ. ಹೊಟ್ಟೆ ಉಬ್ಬರ, ಮಂಡಿ ನೋವು, ಮರೆವು ಎಲ್ಲಕ್ಕೂ ಅದೇ ಮೂಲ ಅಂತ ಒಬ್ರು ವಿಡಿಯೊದಲ್ಲಿ ಹೇಳಿದ್ರು. ಚಪಾತಿ ಇಲ್ಲ, ಬನ್ನು ಇಲ್ಲ, ಉಪ್ಪಿಟ್ಟೂ ಇಲ್ಲ. ಹೊಟ್ಟೆ ಹಗುರಾಗಿದೆ.

— ಮಂಡಿ ನೋವು?

— ಅದು ಇದ್ದಂಗೇ ಇದೆ.

— ಹಗುರಾಗಿದ್ದು ನಿಜ ಇರಬಹುದು. ಆದರೆ ಅದು ಗ್ಲುಟೆನ್ ಬಿಟ್ಟಿದ್ದಕ್ಕೇ ಅಂತ ಹೇಳೋಕಾಗಲ್ಲ. ಹೋಟೆಲಿಗೆ ಹೋದರೆ ಪರೋಟ ಜೊತೆ ಏನು ತಿಂತಿದ್ರಿ?

— ಸಾಗು. ಪಕ್ಕದಲ್ಲಿ ಹಸಿ ಈರುಳ್ಳಿ.

— ಅಲ್ಲೇ ಇರೋದು. ನಾರ್ವೆಯವರು 2018ರಲ್ಲಿ ಒಂದು ಪರೀಕ್ಷೆಯ ಫಲ ಪ್ರಕಟಿಸಿದ್ರು. ತಮಗೆ ಗ್ಲುಟೆನ್ ಆಗಲ್ಲ ಅಂತ ತಾವೇ ತೀರ್ಮಾನ ಮಾಡ್ಕೊಂಡಿದ್ದ 59 ಜನ. ಗ್ಲುಟೆನ್ನಿನಿಂದ ಕರುಳು ಕೆಡೋ ಸೀಲಿಯಾಕ್ ಕಾಯಿಲೆ ಇಲ್ಲ ಅಂತ ಖಾತ್ರಿಯಾದವರು. ಅವರಿಗೆ ಮೂರು ಥರದ ತಿಂಡಿ ಬಿಲ್ಲೆ ಕೊಟ್ರು. ಒಂದರಲ್ಲಿ ಗ್ಲುಟೆನ್, ಒಂದರಲ್ಲಿ ಫ್ರಕ್ಟಾನ್, ಇನ್ನೊಂದರಲ್ಲಿ ಎರಡೂ ಇಲ್ಲ. ನೋಡೋಕೆ, ರುಚಿಗೆ ಮೂರೂ ಒಂದೇ. ಯಾವ ವಾರ ಯಾವುದು ತಿಂದೆ ಅನ್ನೋದು ತಿಂದವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ಹೊಟ್ಟೆ ಹೆಚ್ಚು ಉಬ್ಬಿದ್ದು ಫ್ರಕ್ಟಾನ್ ತಿಂದ ವಾರ.

— ಅದ್ಯಾವುದವ್ವಾ ಫ್ರಕ್ಟಾನು?

— ಒಂದು ಥರದ ಸಕ್ಕರೆ ಸರಪಳಿ. ಗೋಧಿಯಲ್ಲೂ ಇದೆ, ಈರುಳ್ಳಿ ಬೆಳ್ಳುಳ್ಳಿಯಲ್ಲೂ ಇದೆ. ನಮಗೆ ಜೀರ್ಣ ಆಗಲ್ಲ, ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಅದನ್ನ ಹುಳಿಸಿ ಗಾಳಿ ಎಬ್ಬಿಸ್ತವೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಕಥೆ ಇನ್ನೂ ಚೆನ್ನಾಗಿದೆ. ಸೀಲಿಯಾಕ್ ಇಲ್ಲದವರಿಗೂ ಗ್ಲುಟೆನ್ನಿನಿಂದ ತೊಂದರೆ ಆಗುತ್ತೆ ಅಂತ 2011ರಲ್ಲಿ ಹೇಳಿದ ಗುಂಪೇ, 2013ರಲ್ಲಿ ಇನ್ನೂ ಬಿಗಿಯಾಗಿ ಪರೀಕ್ಷೆ ಮಾಡಿ, ಗ್ಲುಟೆನ್ನಿನ ಪಾತ್ರ ನಮಗೆ ಕಾಣ್ತಿಲ್ಲ ಅಂತ ಬರೀತು. ತಾವೇ ಹೇಳಿದ್ದನ್ನ ತಾವೇ ಅಲ್ಲಗಳೆಯೋ ಧೈರ್ಯ ಎಷ್ಟು ಜನಕ್ಕಿದೆ ಹೇಳಿ. ನಿಮ್ಮ ವಿಡಿಯೊದವರು ಮಾತ್ರ 2011ರಲ್ಲೇ ನಿಂತಿದ್ದಾರೆ.

— ಅಂದ್ರೆ ಗೋಧಿ ಬಿಟ್ಟು ಈರುಳ್ಳಿ ಇಟ್ಕೊಂಡೆ ಅನ್ನು.

— ಈರುಳ್ಳಿಯನ್ನೂ ಬಿಡಬೇಡಿ. ಕಮ್ಮಿ ಮಾಡಿ ನೋಡಿ.

ಮಾವ ಒಂದು ಕಲ್ಲಿನ ಮೇಲೆ ಕೂತರು. ಕೆಳಗೆ ತೆಂಗಿನ ತೋಟಗಳ ಹಸಿರು, ಅದರ ನಡುವೆ ಜಂಕ್ಷನ್ನಿನ ಕಂಬಿ. ಹುಬ್ಬಳ್ಳಿ ಕಡೆಗೋ ಬೆಂಗಳೂರು ಕಡೆಗೋ ತಿಳಿಯದ ಒಂದು ರೈಲು ಕೂಗಿಕೊಂಡು ಹೋಯಿತು.

— ಹಂಗಾದ್ರೆ ಗ್ಲುಟೆನ್ ಅನ್ನೋದೇ ಬೊಗಳೆನಾ?

— ಅಲ್ಲ ಮಾವ. ನಿಮಗೆ ಬೊಗಳೆ, ಇನ್ನೊಬ್ಬರಿಗೆ ಪ್ರಾಣಸಂಕಟ. ಚಿಕ್ಕವರಿದ್ದಾಗ ಗೋಧಿ ಕಾಳು ಬಾಯಿಗೆ ಹಾಕ್ಕೊಂಡು ಅಗೀತಿರಲಿಲ್ವಾ?

— ಅಗೀದೆ? ಬಬಲ್‌ಗಮ್ಮಿಗೆ ಕಾಸು ಯಾರು ಕೊಡ್ತಿದ್ರು! ಹಿಟ್ಟೆಲ್ಲ ಕರಗಿ ಕೊನೆಗೆ ಒಂದು ಅಂಟುಂಡೆ ಉಳೀತಿತ್ತು. ಎಳೆದ್ರೆ ಹಿಗ್ಗೋದು.

— ಆ ಅಂಟುಂಡೆಯೇ ಗ್ಲುಟೆನ್. ಅತ್ತೆ ಒಬ್ಬಟ್ಟಿಗೆ ಕಣಕ ನಾದಿ, ಎಣ್ಣೆ ಹಾಕಿ ನೆನೆಸಿ, ಎತ್ತಿ ಜಗ್ಗಿ ನೋಡ್ತಾರಲ್ಲ, ತೆಳ್ಳಗೆ ಹಿಗ್ಗಿದರೂ ಹರಿಯಲ್ಲ. ಅದೂ ಇದರ ಕೆಲಸವೇ. ರಾಗಿಗೆ ಆ ಗುಣ ಇಲ್ಲ. ಅದಕ್ಕೇ ರಾಗಿ ಹಿಟ್ಟನ್ನ ಕುದಿಯೋ ಎಸರಿಗೆ ಹಾಕಿ, ಕೋಲಲ್ಲಿ ತೊಳೆಸಿ ಮುದ್ದೆ ಕಟ್ಟಬೇಕು. ತಣ್ಣೀರಲ್ಲಿ ಕಲಸಿ ಚಪಾತಿ ಥರ ಎಳೆಯೋಕೆ ಹೋದರೆ ಹರಿದು ಬರುತ್ತೆ.

— ಅಂಟು ಇದ್ದ ಮಾತ್ರಕ್ಕೆ ಕರುಳಿಗೆ ಏನಂತೆ?

— ಅಂಟೋದು ಕೆಟ್ಟದ್ದಲ್ಲ. ಗೋಧಿ, ಬಾರ್ಲಿ, ರೈ ಮೂರರ ಪ್ರೋಟೀನಿನ ಕಟ್ಟು ವಿಚಿತ್ರ. ನಮ್ಮ ಜೀರ್ಣರಸಗಳಿಗೆ ಅದನ್ನ ಪೂರ್ತಿ ಕತ್ತರಿಸೋಕೆ ಬರಲ್ಲ. 2002ರಲ್ಲಿ ಸ್ಟ್ಯಾನ್‌ಫರ್ಡಿನ ಚೈತನ್ ಖೋಸ್ಲಾ ಅವರ ಗುಂಪು ಅಂಥ ಒಂದು ತುಂಡನ್ನ ಹಿಡಿದು ತೋರಿಸ್ತು. 33 ಅಮೈನೊ ಆಮ್ಲದ ಉದ್ದ, ಜೀರ್ಣರಸದ ಯಾವ ಕತ್ತರಿಗೂ ಜಗ್ಗದ್ದು. ನಿಮ್ಮ ಹೊಟ್ಟೆಯಲ್ಲೂ ನನ್ನ ಹೊಟ್ಟೆಯಲ್ಲೂ ಅದು ಉಳಿಯುತ್ತೆ, ಸುಮ್ಮನೆ ಹೋಗುತ್ತೆ. ಕರುಳಿನ ಗೋಡೆಯಲ್ಲಿರೋ ಒಂದು ಕಿಣ್ವ ಅದರ ರೂಪ ಚೂರು ಬದಲಾಯಿಸುತ್ತೆ. ಡಿಕ್ಯೂ2, ಡಿಕ್ಯೂ8 ಅನ್ನೋ ವಂಶವಾಹಿ ಇದ್ದವರಲ್ಲಿ ಕೆಲವರ ರಕ್ಷಣಾ ಕಣಗಳು ಮಾತ್ರ ಅದನ್ನ ನೋಡಿ ವೈರಿ ಅಂತ ಗುಲ್ಲೆಬ್ಬಿಸ್ತವೆ. ಆ ಜಗಳದಲ್ಲಿ ಏಟು ಬೀಳೋದು ಸ್ವಂತ ಕರುಳಿಗೆ. ಅದೇ ಸೀಲಿಯಾಕ್. ಅಲರ್ಜಿ ಬೇರೆ, ಅದರ ದಾರಿಯೇ ಬೇರೆ.

— ಏಟು ಅಂದ್ರೆ ಹುಣ್ಣಾ?

— ನಿಮ್ಮ ಹೆಗಲ ಮೇಲಿನ ಟರ್ಕಿ ಟವಲ್ ಕೊಡಿ. ಈ ಎಳೆ ಎಳೆಯಾಗಿ ನಿಂತಿದೆಯಲ್ಲ, ಸಣ್ಣ ಕರುಳಿನ ಒಳಗೋಡೆ ಹೀಗೇ ಇರುತ್ತೆ. ಎಳೆ ಇರೋದಕ್ಕೇ ನೀರು ಹೀರೋದು. ಇಲ್ಲಿ ನೋಡಿ, ಅಂಚಿನಲ್ಲಿ ಸವೆದು ಬರೀ ಬಟ್ಟೆ ಆಗಿದೆ. ಕರುಳು ಹಿಂಗಾದರೆ ತಿಂದದ್ದು ಮೈಗೆ ಹತ್ತಲ್ಲ. ಕಬ್ಬಿಣ ಹತ್ತಲ್ಲ, ಸುಣ್ಣ ಹತ್ತಲ್ಲ. ಮಕ್ಕಳು ಎತ್ತರ ಆಗಲ್ಲ. ಕೆಲವರಿಗೆ ಭೇದಿ. ಕೆಲವರಿಗೆ ಅದೂ ಇಲ್ಲ, ಬರೀ ರಕ್ತಹೀನತೆ.

ಮಾವ ಟವಲಿನ ಸವೆದ ಅಂಚನ್ನು ಹೆಬ್ಬೆರಳಲ್ಲಿ ಸವರುತ್ತಾ ಕೂತರು. ಏಳಲಿಲ್ಲ.

— ನನ್ನ ಮಂಡಿ ಸುದ್ದಿ ಸುಮ್ಮನೆ ತೆಗೆದೆ ಕಣವ್ವಾ. ಕೇಳಬೇಕಿದ್ದದ್ದು ಮೊಮ್ಮಗಳ ವಿಷಯ.

— ಗುರುಗ್ರಾಮದ ಮಗು?

— ಹೂಂ. ಏಳು ವರ್ಷ. ನೋಡಿದ್ರೆ ಐದು ಅಂತಾರೆ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ದಿನಕ್ಕೆ ಮೂರು ನಾಲ್ಕು ಸಲ ಹೊರಗೆ ಹೋಗುತ್ತೆ. ರಕ್ತ ಕಮ್ಮಿ ಅಂತ ಅಲ್ಲಿನ ಡಾಕ್ಟರು ಎರಡು ವರ್ಷದಿಂದ ಕಬ್ಬಿಣದ ಟಾನಿಕ್ಕೇ ಬರೀತಾವ್ರೆ. ರಕ್ತ ಏರಲೇ ಇಲ್ಲ. ಮಗು ಸರಿಯಾಗಿ ಉಣ್ಣಲ್ಲ, ನಿನ್ನ ಮಗಳಿಗೆ ಉಣ್ಣಿಸೋಕೆ ಬರಲ್ಲ ಅಂತ ಬೀಗರು ನನ್ನ ಮುಂದೇ ಅಂದ್ರು. ಈ ಸಲ ಏಪ್ರಿಲ್ ರಜಕ್ಕೆ ಬಂದಿತ್ತು. ಎರಡು ತಿಂಗಳು ನಮ್ಮನೇಲಿ ಹಿಟ್ಟು ಉಂಡಿತು ನೋಡು, ಬಸ್ಸಾರು ಹಿಟ್ಟು, ಮಜ್ಜಿಗೆ ಅನ್ನ, ಬೆಳಿಗ್ಗೆ ಅಕ್ಕಿರೊಟ್ಟಿ. ಮೂರನೇ ವಾರಕ್ಕೆ ಭೇದಿ ನಿಂತೋಯ್ತು. ಕೆನ್ನೆ ತುಂಬ್ತು. ತೋಟದಲ್ಲಿ ನಾಯಿ ಅಟ್ಟಿಸ್ಕೊಂಡು ಓಡೋದು. ನಿಮ್ಮತ್ತೆ, ಊರಿನ ನೀರು ಗಾಳಿ ಹತ್ತಿದೆ ಅಂದ್ಲು. ಜೂನಲ್ಲಿ ವಾಪಸ್ ಹೋಯ್ತು. ಒಂದು ತಿಂಗಳು ಕಳೀಲಿಲ್ಲ, ಅದೇ ಹಳೇ ಕಥೆ.

— ಅಲ್ಲಿ ಏನು ತಿನ್ನುತ್ತೆ?

— ಬೆಳಿಗ್ಗೆ ಬ್ರೆಡ್ಡು, ಡಬ್ಬಿಗೆ ಪರಾಠ, ರಾತ್ರಿ ಚಪಾತಿ. ಹಾಲಿಗೆ ಮಾಲ್ಟಿನ ಪುಡಿ.

— ಇದೇ ಊರಿನ ನೀರು ಗಾಳಿ ಅನ್ನೋದನ್ನ ಒಬ್ಬ ಡಾಕ್ಟರು ವರ್ಷಗಟ್ಟಲೆ ಬೆನ್ನು ಹತ್ತಿದ್ರು, ಗೊತ್ತಾ?

— ಯಾರವ್ವಾ?

— ವಿಲೆಮ್ ಡಿಕೆ, ಹಾಲೆಂಡಿನವರು. ಹೇಗ್ ನಗರದಲ್ಲಿ ಮಕ್ಕಳ ಡಾಕ್ಟರು. ಕಾಯಿಲೆ ಮೊದಲೇ ಗೊತ್ತಿತ್ತು. 1888ರಲ್ಲೇ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಅದನ್ನ ವಿವರವಾಗಿ ಬರೆದು, ಇದು ವಾಸಿಯಾದರೆ ಆಹಾರದಿಂದಲೇ ಆಗಬೇಕು ಅಂದಿದ್ರು. ಯಾವ ಆಹಾರ ಅನ್ನೋದು ಗೊತ್ತಿರಲಿಲ್ಲ. ನ್ಯೂಯಾರ್ಕಿನಲ್ಲಿ ಸಿಡ್ನಿ ಹಾಸ್ ಅನ್ನೋರು 1924ರಲ್ಲಿ ಬಾಳೆಹಣ್ಣಿನ ಪಥ್ಯ ಶುರು ಮಾಡಿದ್ರು.

— ನಮ್ಮ ಬಾಳೆಹಣ್ಣಿಗೆ ಅಲ್ಲಿ ಆ ಮರ್ಯಾದೆನಾ!

— ಮಕ್ಕಳು ಬದುಕಿಕೊಂಡ್ವು. ಹಾಸ್ ಅದನ್ನ ಬಾಳೆಹಣ್ಣಿನ ಮಹಿಮೆ ಅಂದ್ಕೊಂಡ್ರು. ನಿಜ ಏನಪ್ಪಾ ಅಂದ್ರೆ, ಬಾಳೆಹಣ್ಣು ತಿನ್ನೋವಾಗ ಬ್ರೆಡ್ಡು ತಿಂತಿರಲಿಲ್ಲ. ವಾಸಿಯಾಯ್ತು ಅಂತ ಮತ್ತೆ ಬ್ರೆಡ್ಡಿಗೆ ಬಿಟ್ಟಾಗ ಒಳಗೊಳಗೇ ಕರುಳು ಸವೀತಾ ಹೋಯ್ತು. ಡಿಕೆಗೆ ಮಾತ್ರ ಬ್ರೆಡ್ಡಿನ ಮೇಲೆ ಗುಮಾನಿ ಬಂತು. ಬ್ರೆಡ್ಡು ತಪ್ಪಿಸಿದರೆ ಮಗು ಚೇತರಿಸಿಕೊಳ್ಳುತ್ತೆ ಅಂತ ಒಬ್ಬ ತಾಯಿ ಹೇಳಿದ್ದೇ ಅದಕ್ಕೆ ಮೂಲ ಅಂತಾರೆ. 1941ರಲ್ಲೇ ಅವರು ಗೋಧಿ ಇಲ್ಲದ ಪಥ್ಯದ ಬಗ್ಗೆ ಬರೆದಿದ್ರು. ಆಮೇಲೆ 1944ರ ಚಳಿಗಾಲ, ಜರ್ಮನರ ದಿಗ್ಬಂಧನ. ಹಾಲೆಂಡಿನ ಪಶ್ಚಿಮದ ಊರುಗಳಲ್ಲಿ ಬ್ರೆಡ್ಡು ಇಲ್ಲ, ಜನ ಟ್ಯುಲಿಪ್ ಹೂವಿನ ಗೆಡ್ಡೆ ಬೇಯಿಸಿ ತಿಂದ್ರು. ಊರೆಲ್ಲ ಸೊರಗೋವಾಗ ಈ ಕಾಯಿಲೆಯ ಮಕ್ಕಳು ಸುಧಾರಿಸಿದ್ವು. ಯುದ್ಧ ಮುಗೀತು, ಬ್ರೆಡ್ಡು ಬಂತು, ಕಾಯಿಲೆಯೂ ಬಂತು.

— ಬರಗಾಲದಲ್ಲಿ ಮೈ ತುಂಬಿದ ಮಕ್ಕಳು...

— ಬರಗಾಲವೇ ಕಂಡುಹಿಡಿದು ಕೊಟ್ಟಿತು ಅಂತ ಕಥೆ ಕಟ್ಟಿ ಹೇಳೋರು ಜಾಸ್ತಿ. ನನಗೆ ಅದು ಇಷ್ಟ ಆಗಲ್ಲ. ಆ ತಾಯಿಯ ಮಾತನ್ನ ಡಾಕ್ಟರು ಕಿವಿಗೆ ಹಾಕ್ಕೊಂಡಿದ್ದು ಯುದ್ಧಕ್ಕಿಂತ ಮೊದಲು. ಯುದ್ಧ ಆದಮೇಲೂ ಅವರು ಸುಮ್ಮನಿರಲಿಲ್ಲ. ಗೋಧಿ ಕೊಟ್ಟು, ನಿಲ್ಲಿಸಿ, ಮತ್ತೆ ಕೊಟ್ಟು, ಪ್ರತಿ ಮಗುವಿನ ತೂಕ ಬರೆದಿಟ್ಟು, 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಕೊಟ್ರು. ನೀವೂ ಅದನ್ನೇ ಮಾಡಿದ್ದೀರಿ ಮಾವ, ತೂಕ ಒಂದು ಬರೆದಿಡಲಿಲ್ಲ ಅಷ್ಟೆ. ಎರಡು ತಿಂಗಳು ನಿಲ್ಲಿಸಿದ್ರಿ, ಜೂನಲ್ಲಿ ಮತ್ತೆ ಶುರುವಾಯ್ತು.

— ನಾನು ಮಾಡಿದ್ದಲ್ಲ. ಮನೇಲಿ ಇದ್ದದ್ದನ್ನ ಬಡಿಸಿದ್ವಿ.

ಮತ್ತೆ ಹತ್ತತೊಡಗಿದೆವು. ಬಿಸಿಲು ಏರಿತ್ತು. ಎದುರಿಗೆ ಇಳಿದು ಬರುತ್ತಿದ್ದ ಹೆಂಗಸರು ಗೋವಿಂದಾ ಅಂದರು, ಮಾವ ಏದುಸಿರಿನಲ್ಲೇ ಗೋವಿಂದಾ ಅಂದರು.

— ನಮ್ಮ ವಂಶದಲ್ಲಿ ಯಾರಿಗೂ ಈ ಕಾಯಿಲೆ ಇರಲಿಲ್ಲವಲ್ಲವ್ವಾ.

— ವಂಶವಾಹಿ ಇತ್ತೋ ಏನೋ ಯಾರಿಗೆ ಗೊತ್ತು? ತಟ್ಟೆಯಲ್ಲಿ ಗೋಧಿ ಇರಲಿಲ್ಲ. 2016ರಲ್ಲಿ ಬಿ. ಎಸ್. ರಾಮಕೃಷ್ಣ ಮತ್ತು ಜೊತೆಯವರ ಒಂದು ದೊಡ್ಡ ಸಮೀಕ್ಷೆ ಪ್ರಕಟವಾಯ್ತು. ಉತ್ತರ, ಈಶಾನ್ಯ, ದಕ್ಷಿಣ ಭಾರತ ಸೇರಿ 23,331 ವಯಸ್ಕರ ರಕ್ತ ನೋಡಿದ್ರು. ಕಾಯಿಲೆಯ ಸುಳಿವು ಕೊಡೋ ಪ್ರತಿಕಾಯ ರಕ್ತದಲ್ಲಿ ಕಂಡದ್ದು ಉತ್ತರದಲ್ಲಿ ನೂರಕ್ಕೆ 1.23, ದಕ್ಷಿಣದಲ್ಲಿ 0.10. ಹನ್ನೆರಡು ಪಟ್ಟು ವ್ಯತ್ಯಾಸ. ಆದರೆ ವಂಶವಾಹಿ ಇದ್ದವರು ಉತ್ತರದಲ್ಲಿ ನೂರಕ್ಕೆ 38, ದಕ್ಷಿಣದಲ್ಲಿ 36. ಹೆಚ್ಚುಕಮ್ಮಿ ಒಂದೇ.

— ಗೋಧಿ ಎಷ್ಟು ತಿಂತಾರೆ ಅಂತ ಕೇಳಿದ್ರಾ?

— ಕೇಳಿದ್ರು. ಉತ್ತರದಲ್ಲಿ ದಿನಕ್ಕೆ 455 ಗ್ರಾಂ, ದಕ್ಷಿಣದಲ್ಲಿ 25.

— ಹಂಗಾದ್ರೆ ಲೆಕ್ಕ ಚುಕ್ತಾ.

— ಇಲ್ಲ, ಇನ್ನೂ ಬಾಕಿ ಇದೆ. ಈಶಾನ್ಯದವರು ನಮ್ಮ ಹಾಗೇ ಅನ್ನ ತಿನ್ನೋರು, ಗೋಧಿ ದಿನಕ್ಕೆ 37 ಗ್ರಾಂ. ವಂಶವಾಹಿ ನೂರಕ್ಕೆ 31, ನಮಗಿಂತ ಕಮ್ಮಿ. ಆದರೆ ಪ್ರತಿಕಾಯ 0.87. ಗೋಧಿ ಒಂದೇ ಕಾರಣ ಆಗಿದ್ದರೆ ಅಲ್ಲಿ ಅಷ್ಟು ಇರಬಾರದಿತ್ತು. ಫಿನ್ಲೆಂಡಿನ ಗಡಿಯಲ್ಲೂ ಇದೇ ಒಗಟು. ಗಡಿಯ ಎರಡೂ ಕಡೆ ವಂಶವಾಹಿ ಒಂದೇ, ಧಾನ್ಯವೂ ಹೆಚ್ಚುಕಮ್ಮಿ ಒಂದೇ. ಫಿನ್ಲೆಂಡಿನ ಮಕ್ಕಳಲ್ಲಿ 107ಕ್ಕೆ ಒಂದು, ಆಚೆಯ ರಷ್ಯಾದ ಕರೇಲಿಯಾದಲ್ಲಿ 496ಕ್ಕೆ ಒಂದು. ಬಾಲ್ಯದ ಸೋಂಕೋ, ಕರುಳಿನ ಸೂಕ್ಷ್ಮಜೀವಿಗಳೋ, ಬೇರೆ ಯಾವುದೋ ಒಂದು ಕೈ ಹಾಕುತ್ತೆ. ವಂಶವಾಹಿ ಇದ್ದವರಲ್ಲೂ ನೂರಕ್ಕೆ ಮೂರು ಮಂದಿಗಷ್ಟೇ ಕಾಯಿಲೆ ಬರೋದು. ಅದಕ್ಕೇ ಮೊಮ್ಮಗಳಿಗೆ ಇದೇ ಅಂತ ನಾನೂ ಹೇಳಲ್ಲ. ನಾನು ಡಾಕ್ಟರಲ್ಲ.

— ಡಾಕ್ಟರಿಗೇ ಹೊಳೀಲಿಲ್ಲವಲ್ಲ.

— ದಕ್ಷಿಣದಲ್ಲಿ ಹೊಳೆಯದಿರೋಕೆ ಕಾರಣ ಇತ್ತು. ಇಲ್ಲಿ ಕರುಳಿನ ಎಳೆ ಸವೆದಿದ್ದರೆ ಉಷ್ಣವಲಯದ ಸ್ಪ್ರೂ ಅಂತಿದ್ರು. ವೆಲ್ಲೂರಿನ ಸಿಎಂಸಿಯಲ್ಲಿ ಬೇಕರ್, ಮಥಾನ್ ಅವರೆಲ್ಲ ಅದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ರು. ಅದಕ್ಕೆ ಆಂಟಿಬಯಾಟಿಕ್ಕು, ಫೋಲಿಕ್ ಆಮ್ಲ ಕೊಟ್ಟರೆ ವಾಸಿ. ಗುರುಗ್ರಾಮದಲ್ಲಿ ಮಾತ್ರ ಹೊಳೆಯಬೇಕಿತ್ತು.

ಮೇಲೆ ದರ್ಶನ ಬೇಗ ಆಯಿತು. ಪ್ರದಕ್ಷಿಣೆ ಮುಗಿಸಿ ನೆರಳಲ್ಲಿ ಕೂತೆವು. ಮುತ್ತುಗದ ದೊನ್ನೆಯಲ್ಲಿ ಪುಳಿಯೋಗರೆ, ಇನ್ನೂ ಬೆಚ್ಚಗಿತ್ತು, ಇಂಗಿನ ಘಮ. ಮಾವ ಒಂದು ತುತ್ತು ಬಾಯಿಗಿಟ್ಟುಕೊಂಡು ಕೇಳಿದರು.

— ಇದೇ ಅಂತ ಆದ್ರೆ, ಮಾತ್ರೆ ಇಲ್ವಾ?

— ಇವತ್ತಿಗೆ ಇಲ್ಲ. ಲಾರಾಜೊಟೈಡ್ ಅನ್ನೋ ಔಷಧಿ ಕೊನೇ ಹಂತದ ಪರೀಕ್ಷೆ ತನಕ ಹೋಗಿ 2022ರಲ್ಲಿ ಕೈಕೊಟ್ಟಿತು. ಆಗಲೇ ಹೇಳಿದೆನಲ್ಲ, ಆ ಕಿಣ್ವವನ್ನೇ ಕಟ್ಟಿಹಾಕೋ ಇನ್ನೊಂದು ಮಾತ್ರೆ 2021ರ ಪರೀಕ್ಷೆಯಲ್ಲಿ ಆಸೆ ಹುಟ್ಟಿಸಿದೆ. ಸದ್ಯಕ್ಕೆ ಪಥ್ಯವೇ ಮದ್ದು, ಅದೂ ಜೀವಮಾನ ಪೂರ್ತಿ. ಹಬ್ಬಕ್ಕೊಂದು ಒಬ್ಬಟ್ಟು ಅನ್ನೋ ಹಾಗಿಲ್ಲ.

— ಹಿಟ್ಟು ಉಣ್ಣೋರಿಗೆ ಅದೇನು ಕಷ್ಟ?

— ನಿಮ್ಮ ರಾಗಿ ಎಲ್ಲಿ ಬೀಸೋದು?

— ಸಂತೆ ಬೀದಿ ಮಿಲ್ಲಲ್ಲಿ.

— ಅದೇ ಕಲ್ಲಿನಲ್ಲಿ ಗೋಧಿಯನ್ನೂ ಬೀಸ್ತಾರಲ್ಲ. ಗ್ಲುಟೆನ್ ಇಲ್ಲ ಅಂತ ಪೊಟ್ಟಣದ ಮೇಲೆ ಬರೀಬೇಕಾದರೆ ಕಿಲೋಗೆ 20 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದ ನಿಯಮ. ಗೋಧಿ ಹಿಟ್ಟಿನಲ್ಲಿ ಹತ್ತರಲ್ಲೊಂದು ಪಾಲು ಗ್ಲುಟೆನ್ ಅಂತಿಟ್ಟುಕೊಳ್ಳಿ. ಒಂದು ಕಿಲೋ ರಾಗಿ ಹಿಟ್ಟಿಗೆ ಚಿಟಿಕೆಯಷ್ಟು ಗೋಧಿ ಹಿಟ್ಟು ಬಿದ್ದರೂ ಲೆಕ್ಕ ತಪ್ಪಿತು. ಗಿರಣಿ ಬಾಯಲ್ಲಿ ಅಂಟಿರೋದೇ ಅದಕ್ಕಿಂತ ಜಾಸ್ತಿ. ಅಂಗಡಿಯ ರಾಗಿ ಬಿಸ್ಕತ್ತಿನ ಹಿಂಬದಿ ಓದಿ, ಎಷ್ಟೋ ಸಲ ಮೊದಲ ಹೆಸರೇ ಮೈದಾ. ಮಾಲ್ಟು ಬಾರ್ಲಿಯದು. ಇನ್ನು ಇದು...

— ಪುಳಿಯೋಗರೆಲಿ ಏನು ಬಂತವ್ವಾ? ಅನ್ನ ಅಲ್ವಾ?

— ಅನ್ನಕ್ಕೇನೂ ಇಲ್ಲ, ಇಂಗು. ಡಬ್ಬಿಯ ಇಂಗು ಬರೀ ಇಂಗಲ್ಲ. ಗೋಂದಿನ ಜೊತೆ ಮೈದಾನೋ ಅಕ್ಕಿ ಹಿಟ್ಟೋ ಬೆರೆಸಿರ್ತಾರೆ. ಮೈದಾ ಆದರೆ ಆ ಮಗುವಿಗೆ ಆಗಲ್ಲ.

ಮಾವ ಎತ್ತಿದ ತುತ್ತನ್ನು ಒಂದು ಕ್ಷಣ ನೋಡಿ ಬಾಯಿಗೆ ಹಾಕಿಕೊಂಡರು.

— ನನಗೆ ಆಗುತ್ತೆ ತಾನೆ?

— ನಿಮಗೆ ಉಪ್ಪಿಟ್ಟೂ ಆಗುತ್ತೆ.

— ಬೆಳಗಾವಿಯಿಂದ ಖಪ್ಲಿ ಗೋಧಿ ತರಿಸಿದ್ದೆ, ಹಳೇ ತಳಿ, ಅದರಲ್ಲಿ ಗ್ಲುಟೆನ್ ಇಲ್ಲ ಅಂತ. ಮಗುಗೂ ಎರಡು ಕಿಲೋ ಪಾರ್ಸಲ್ ಮಾಡೋಣ ಅಂತಿದ್ದೆ.

— ಮಾಡಬೇಡಿ. ಖಪ್ಲಿಯೂ ಗೋಧಿಯೇ, ಗ್ಲುಟೆನ್ ಇದೆ. ನೀವು ಪಾಯಸ ಮಾಡಿಸ್ಕೊಂಡು ತಿನ್ನಿ.

— ಇರಲಿ. ನಾನೂ ಸುಮ್ಮನೆ ಕೂತಿಲ್ಲ. ಹೋದ ಭಾನುವಾರವೇ ಮಗಳಿಗೆ ಫೋನ್ ಮಾಡಿ ಗದರಿಸಿದೆ. ನಾಳೆಯಿಂದ ಮಗುಗೆ ಗೋಧಿ ಬಂದ್ ಅಂದೆ. ಪಾಪ, ಅವಳೂ ನಿಲ್ಲಿಸಿದಾಳೆ.

— ಅಯ್ಯೋ ಮಾವ!

— ಯಾಕೆ? ನೀನೇ ಹೇಳಿದ್ದಲ್ವಾ?

— ಪರೀಕ್ಷೆ ಆಗೋ ತನಕ ನಿಲ್ಲಿಸಬಾರದು. ರಕ್ತದಲ್ಲಿ ನೋಡೋದು ಕರುಳಿನ ಆ ಕಿಣ್ವದ ಮೇಲೆ ಮೈ ಎಬ್ಬಿಸಿರೋ ಪ್ರತಿಕಾಯ, ಟಿಟಿಜಿ ಅಂತಾರೆ. ಗೋಧಿ ನಿಲ್ಲಿಸಿ ಕೂತರೆ ಅದು ಇಳೀತಾ ಬರುತ್ತೆ. ಕರುಳೂ ಮೆಲ್ಲಗೆ ಚಿಗುರುತ್ತೆ. ಆಗ ಪರೀಕ್ಷೆ ಮಾಡಿದರೆ ಏನೂ ಇಲ್ಲ ಅಂತ ಬಂದರೂ ಬಂತು. ಏನೂ ಇಲ್ಲ ಅಂದ್ರೆ ಬೀಗರು ಏನಂತಾರೆ?

— ಚಪಾತಿ ಮಾಡೋಕೆ ಸೋಮಾರಿತನ ಅಂತಾರೆ.

— ಮತ್ತೆ ಟಾನಿಕ್ಕಿಗೇ ಬಂದು ನಿಲ್ಲುತ್ತೆ. ಐದು ದಿನ ತಾನೆ, ಕೆಟ್ಟಿದ್ದೇನೂ ಇಲ್ಲ. ಇವತ್ತಿಂದ ಮತ್ತೆ ಕೊಡಲಿ. ಮಕ್ಕಳ ಹೊಟ್ಟೆ ಕರುಳಿನ ಡಾಕ್ಟರನ್ನ ನೋಡಿ, ಟಿಟಿಜಿ, ಜೊತೆಗೆ ಒಟ್ಟು ಐಜಿಎ ಮಾಡಿಸಲಿ. ಅವರು ಹೇಳಿದರೆ ದುರ್ಬೀನು ಇಳಿಸಿ ಕರುಳಿನ ಚೂರು ತೆಗೆದು ನೋಡ್ತಾರೆ. ಅದೆಲ್ಲ ಮುಗಿದು ಡಾಕ್ಟರು ಹೇಳಿದ ದಿನ ನಿಲ್ಲಿಸೋದು. ಕಾಯಿಲೆ ಇದೇ ಅಂತ ಆದರೆ ನಿಮ್ಮ ಮಗಳೂ ಒಮ್ಮೆ ನೋಡಿಸ್ಕೊಳ್ಳಲಿ. ತಾಯಿ, ತಂದೆ, ಒಡಹುಟ್ಟಿದವರಲ್ಲಿ ಹತ್ತಕ್ಕೊಬ್ಬರಿಗೆ ಇರೋ ಸಾಧ್ಯತೆ ಇದೆ.

— ಮಗುಗೆ ಭೇದಿ ಆಗುತ್ತೆ ಅಂತ ಗೊತ್ತಿದ್ದೂ ಚಪಾತಿ ಹಾಕು ಅನ್ನಲಾ?

— ಅನ್ನಬೇಕು.

ಮಾವ ದೊನ್ನೆ ಕೆಳಗಿಟ್ಟು ಕೈ ತೊಳೆದು ಬಂದರು. ಟವಲಿನಲ್ಲಿ ಒರೆಸಿಕೊಂಡರು, ಎಳೆ ಇದ್ದ ಕಡೆಯಲ್ಲಿ. ಜೇಬಿನಿಂದ ಫೋನ್ ತೆಗೆದು, ಕನ್ನಡಕ ಹಣೆಗೇರಿಸಿ, ಸಿಗ್ನಲ್ಲಿಗಾಗಿ ಬಂಡೆಯ ಅಂಚಿನವರೆಗೂ ಹೋದರು. ಗಾಳಿಗೆ ಪಂಚೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಗಾಳಿ ಮೀರಿಸಿ ಕೂಗಬೇಕಾಗಿತ್ತು ಅವರಿಗೆ, ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು.

— ಹಲೋ... ಹೂಂ, ಬೆಟ್ಟದ ಮೇಲಿದೀನಿ... ಚೆನ್ನಾಗಾಯ್ತು ದರ್ಶನ. ಕೇಳಿಲ್ಲಿ, ಚಪಾತಿ ಮಾಡವ್ವಾ. ಮಗುಗೆ... ಹೌದು, ನಾನೇ ಬೇಡ ಅಂದಿದ್ದೆ, ಈಗ ನಾನೇ ಹೇಳ್ತಿದೀನಿ... ತಲೆ ಕೆಟ್ಟಿಲ್ಲ ನನಗೆ. ಸೋಮವಾರ ರಕ್ತ ಕೊಡೋ ತನಕ ಚಪಾತಿ ಹಾಕು. ಟಿ, ಟಿ, ಜಿ. ಬರ್ಕೊ. ಪೆನ್ನು ತಗೊಂಡು ಬಾ, ನಾನು ಕಾಯ್ತೀನಿ.